ಸೋರ್ಸ್‌ನಿಂದ ಬಿಲ್ಡ್ ಮಾಡುವುದು ಎಂದರೇನು?

ಲಿನಕ್ಸ್ ಬಳಸುವವರು ಹೊಸ ತಂತ್ರಾಂಶ ಬೇಕಾದಾಗ ಸಾಮಾನ್ಯವಾಗಿ ಬೇರೆಯವರು ಕಂಪೈಲ್ ಮಾಡಿಟ್ಟ (ಯಂತ್ರ ಓಡಿಸಬಲ್ಲ ರೂಪಕ್ಕೆ ತಂದಿಟ್ಟ) ಪ್ಯಾಕೇಜನ್ನು ಇಳಿಸಿಕೊಳ್ಳುತ್ತಾರೆ. ಅದರ ಬದಲು ಸೋರ್ಸ್ ಕೋಡನ್ನೇ, ಅಂದರೆ ಪ್ರೋಗ್ರಾಮರ್ ಬರೆದ ಮೂಲ ಪಠ್ಯವನ್ನೇ ತಂದು, ನಮ್ಮ ಯಂತ್ರದಲ್ಲಿ ಕಂಪೈಲ್ ಮಾಡಿ ಇನ್‌ಸ್ಟಾಲ್ ಮಾಡಿಕೊಳ್ಳುವುದು 'ಸೋರ್ಸ್‌ನಿಂದ ಬಿಲ್ಡ್ ಮಾಡುವುದು'. ಪ್ಯಾಕೇಜ್ ತೀರಾ ಹಳೆಯದಾಗಿದ್ದಾಗ ಅಥವಾ ಪ್ಯಾಕೇಜೇ ಇಲ್ಲದಿದ್ದಾಗ ಈ ದಾರಿ ಹಿಡಿಯಬೇಕಾಗುತ್ತದೆ.

ನೆಟ್‌ವರ್ಕಿನಲ್ಲಿ ಓಡಾಡುವ ಪ್ಯಾಕೆಟ್‌ಗಳನ್ನು (ದತ್ತಾಂಶದ ತುಣುಕುಗಳನ್ನು) ಹಿಡಿದು ತೋರಿಸುವ ಟಿಸಿಪಿಡಂಪ್ ಇದಕ್ಕೆ ಒಳ್ಳೆಯ ಉದಾಹರಣೆ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ 1988ರಲ್ಲಿ ಹುಟ್ಟಿದ ಸಾಧನ ಇದು. ಪ್ಯಾಕೆಟ್ ಹಿಡಿಯುವ ಕೆಲಸ ಲಿಬ್‌ಪಿಕ್ಯಾಪ್ ಎಂಬ ಲೈಬ್ರರಿಯದು (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಕೋಡಿನ ಸಂಗ್ರಹ). ಹಿಡಿದದ್ದನ್ನು ಬಿಡಿಸಿ ಓದುವಂತೆ ಮಾಡುವುದಷ್ಟೇ ಟಿಸಿಪಿಡಂಪ್‌ನದು. ಹಾಗಾಗಿ ಲೈಬ್ರರಿ ಮೊದಲು ಬಿಲ್ಡ್ ಆಗಬೇಕು. ಅದಕ್ಕೆ ಸಿ ಕಂಪೈಲರ್ ಜೊತೆಗೆ ಫ್ಲೆಕ್ಸ್ ಮತ್ತು ಬೈಸನ್ ಎಂಬ, ಕೋಡ್ ಹುಟ್ಟಿಸುವ ಸಾಧನಗಳು ಬೇಕು. ಲಿಬ್‌ಪಿಕ್ಯಾಪ್ ಮತ್ತು ಟಿಸಿಪಿಡಂಪ್ ಫೋಲ್ಡರುಗಳನ್ನು ಅಕ್ಕಪಕ್ಕ ಇಟ್ಟರೆ ಟಿಸಿಪಿಡಂಪ್ ಪಕ್ಕದ ಲೈಬ್ರರಿಯನ್ನು ತಾನೇ ಹುಡುಕಿಕೊಳ್ಳುತ್ತದೆ.

ಹೆಜ್ಜೆಗಳು ಮೂರು. 'ಕಾನ್ಫಿಗರ್' ನಮ್ಮ ಯಂತ್ರದಲ್ಲಿ ಏನಿದೆ, ಏನಿಲ್ಲ ಎಂದು ತಡಕಾಡಿ, ಕಂಪೈಲ್ ಮಾಡುವ ಸೂಚನೆಗಳಿರುವ ಮೇಕ್‌ಫೈಲ್ ಬರೆಯುತ್ತದೆ. 'ಮೇಕ್' ಅದರಂತೆ ಕಂಪೈಲ್ ಮಾಡುತ್ತದೆ. 'ಮೇಕ್ ಇನ್‌ಸ್ಟಾಲ್' ಸಿದ್ಧವಾದ ಕಡತಗಳನ್ನು, ನಾವು ಬೇರೆ ಹೇಳದಿದ್ದರೆ, /ಯುಎಸ್ಆರ್/ಲೋಕಲ್ ಅಡಿಯಲ್ಲಿ ಇಡುತ್ತದೆ.

ಸೋರ್ಸ್ ಕಣ್ಣೆದುರಿಗಿದೆ, ಆದ್ದರಿಂದ ಭಯವಿಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ನನಗದು ಒಪ್ಪಿಗೆಯಿಲ್ಲ. ಕಾನ್ಫಿಗರ್ ಎಂಬುದೇ ಒಂದು ಪ್ರೋಗ್ರಾಂ. ಸಾವಿರಾರು ಸಾಲುಗಳ ಆ ಶೆಲ್ ಸ್ಕ್ರಿಪ್ಟನ್ನು ಓದಿ ನೋಡಿ ಓಡಿಸುವವರು ಯಾರಿದ್ದಾರೆ? 2002ರ ನವೆಂಬರಿನಲ್ಲಿ ಟಿಸಿಪಿಡಂಪ್‌ನ ಅಧಿಕೃತ ತಾಣದಲ್ಲಿದ್ದ ಸೋರ್ಸ್ ಕಟ್ಟುಗಳನ್ನೇ ಯಾರೋ ಬದಲಿಸಿದ್ದು ಬೆಳಕಿಗೆ ಬಂತು. ಕೇಡನ್ನು ಅಡಗಿಸಿದ್ದು ಕಾನ್ಫಿಗರ್ ಒಳಗೆ. ಅದನ್ನು ಓಡಿಸಿದೊಡನೆ ಹೊರಗಿನ ಸರ್ವರಿನಿಂದ ಇನ್ನೊಂದು ಸ್ಕ್ರಿಪ್ಟ್ ಬರುತ್ತಿತ್ತು. ಅದರಿಂದ ಹುಟ್ಟಿದ ಪುಟ್ಟ ಪ್ರೋಗ್ರಾಂ 1963ನೇ ಪೋರ್ಟಿನ (ನೆಟ್‌ವರ್ಕ್ ಸಂಪರ್ಕಕ್ಕಿರುವ ಸಂಖ್ಯೆಯ ಬಾಗಿಲಿನ) ಮೂಲಕ ದಾಳಿಕೋರನ ಯಂತ್ರವನ್ನು ಸಂಪರ್ಕಿಸುತ್ತಿತ್ತು. ಜೊತೆಗೆ ಲಿಬ್‌ಪಿಕ್ಯಾಪ್‌ನ ಒಂದು ಕಡತವನ್ನೂ ತಿದ್ದಿ, 1963ನೇ ಪೋರ್ಟಿನ ಪ್ಯಾಕೆಟ್‌ಗಳನ್ನು ಅದು ಕಡೆಗಣಿಸುವಂತೆ ಮಾಡಿದ್ದರು. ಅಂದರೆ, ಕಳ್ಳ ಸಂಪರ್ಕವನ್ನು ಹಿಡಿಯಬೇಕಾದ ಸಾಧನಕ್ಕೇ ಅದು ಕಾಣುತ್ತಿರಲಿಲ್ಲ. ಇಷ್ಟು ಜಾಣತನದ ಕಿಡಿಗೇಡಿತನ ಅಪರೂಪ.

ಈಗ ಪ್ರತಿ ಬಿಡುಗಡೆಯ ಜೊತೆ ಡಿಜಿಟಲ್ ಸಹಿಯ ಕಡತವೂ ಸಿಗುತ್ತದೆ. ಕಟ್ಟನ್ನು ಬಿಚ್ಚುವ ಮೊದಲೇ ಸಹಿ ಪರೀಕ್ಷಿಸುವ ಜಿಪಿಜಿ ತಂತ್ರಾಂಶದ ಮೂಲಕ ಸಹಿಯನ್ನು ತಾಳೆ ನೋಡಬೇಕು. ಅದೇ ತಾಣದಲ್ಲಿ ಬರೆದಿಟ್ಟ ಚೆಕ್‌ಸಮ್ (ಕಡತದಿಂದ ಲೆಕ್ಕ ಹಾಕಿದ ಗುರುತು ಸಂಖ್ಯೆ) ಸಾಲದು. ಕಟ್ಟನ್ನು ಬದಲಿಸಬಲ್ಲವನಿಗೆ ಆ ಸಂಖ್ಯೆಯನ್ನು ಬದಲಿಸುವುದೇನು ಕಷ್ಟ? ಕಾನ್ಫಿಗರ್ ಮತ್ತು ಮೇಕ್ ಎರಡನ್ನೂ ಸಾಮಾನ್ಯ ಬಳಕೆದಾರರಾಗಿಯೇ ಓಡಿಸಿ. ರೂಟ್ (ಇಡೀ ಯಂತ್ರದ ಆಡಳಿತ) ಅಧಿಕಾರ ಬೇಕಾಗುವುದು ಕೊನೆಯ ಹೆಜ್ಜೆಗೆ ಮಾತ್ರ. ಹೀಗೆ ಇನ್‌ಸ್ಟಾಲ್ ಮಾಡಿದ ತಂತ್ರಾಂಶ ಲಿನಕ್ಸಿನ ಪ್ಯಾಕೇಜ್ ವ್ಯವಸ್ಥೆಯ ಲೆಕ್ಕದಲ್ಲಿರುವುದಿಲ್ಲ. ಭದ್ರತಾ ತಿದ್ದುಪಡಿ ಬಂದಾಗ ನೀವೇ ಗಮನಿಸಿ ಮತ್ತೆ ಬಿಲ್ಡ್ ಮಾಡಬೇಕು.