ಇಪ್ಪತ್ತನೇ ಕೆಲಸಗಾರ

ಹಾಜರಿ ಪುಸ್ತಕದಲ್ಲಿ 19 ಹೆಸರು. ಒಳಗೆ ಮೆಷಿನ್‌ಗಳ ಮುಂದೆ ನಿಂತವರು 26 ಜನ. ಪೀಣ್ಯದ ಸಣ್ಣ ವರ್ಕ್‌ಶಾಪ್‌ಗಳಿಗೆ ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ವಿಮೆ) ಲೆಕ್ಕ ಮಾಡಿಕೊಡುವ ನನಗೆ ಈ 19 ತುಂಬ ಪರಿಚಯದ ಸಂಖ್ಯೆ. 20 ಜನ ಆದರೆ ಪಿಎಫ್ ಕಟ್ಟಲೇಬೇಕು. ಅದಕ್ಕೇ ಪುಸ್ತಕ 19ಕ್ಕೆ ನಿಲ್ಲುತ್ತದೆ. ಉಳಿದವರಿಗೆ ಶನಿವಾರ ಕೈಗೆ ದುಡ್ಡು.

ಮಾಲೀಕರನ್ನು ಕಳ್ಳರು ಅಂದುಬಿಡುವುದು ಸುಲಭ. ಮೊದಲು ಲೆಕ್ಕ ನೋಡೋಣ. ಎಲ್ಲರಿಗೂ ತಿಂಗಳಿಗೆ 15,000 ರೂಪಾಯಿ ಸಂಬಳ ಅಂದುಕೊಳ್ಳಿ. ಮಾಲೀಕರ ಪಾಲು ಶೇ 12, ಜೊತೆಗೆ ವಿಮೆ ಮತ್ತು ಆಡಳಿತ ಶುಲ್ಕ ಸೇರಿ ಶೇ 1. ಅಂದರೆ ತಲೆಗೆ 1,950 ರೂಪಾಯಿ. 19 ಜನ ಇರುವಾಗ ಈ ಖರ್ಚು ಸೊನ್ನೆ. ಇಪ್ಪತ್ತನೆಯವರ ಹೆಸರು ಬರೆದ ತಿಂಗಳಿಂದ ಇಪ್ಪತ್ತೂ ಜನರದ್ದು ಸೇರಿ 39,000. ಒಬ್ಬರನ್ನು ಸೇರಿಸಿಕೊಂಡಿದ್ದಕ್ಕೆ ಅವರ ಸಂಬಳವೂ ಸೇರಿ 54,000 ರೂಪಾಯಿ ಭಾರ! ಆಮೇಲೆ ಜನ 15ಕ್ಕೆ ಇಳಿದರೂ ಪಿಎಫ್‌ನಿಂದ ಹೊರಗೆ ಬರುವ ಹಾಗಿಲ್ಲ.

ಈ ಭಾರವನ್ನು ಮೂರ್ನಾಲ್ಕು ವರ್ಷಕ್ಕೆ ಹಂಚಬೇಕು ಅನ್ನುವುದು ನನ್ನ ಮಾತು. ಸರ್ಕಾರಕ್ಕೆ ಇದು ಹೊಸದೇನಲ್ಲ. 2016ರಲ್ಲಿ ಬಂದ ಪ್ರಧಾನಮಂತ್ರಿ ರೋಜ್‌ಗಾರ್ ಪ್ರೋತ್ಸಾಹನ್ ಯೋಜನೆಯಲ್ಲಿ ಮಾಲೀಕರ ಪಾಲನ್ನು 3 ವರ್ಷ ಸರ್ಕಾರವೇ ಭರಿಸಿತ್ತು. ಆದರೆ ಅದು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ. ಹತ್ತು ವರ್ಷದಿಂದ ಅದೇ ಲೇತ್ ಮೇಲೆ ಲೆಕ್ಕಕ್ಕೆ ಸಿಗದೆ ದುಡಿಯುತ್ತಿರುವವರಿಗೆ ಅದರಿಂದ ಏನು ಸಿಕ್ಕಿತು?

ಇನ್ನೊಂದು ಕಡೆಯೂ ಇದೆ. "ಸರ್, ಪಿಎಫ್ ಬೇಡ, ಪೂರ್ತಿ ಸಂಬಳ ಕೈಗೇ ಕೊಡಿಸಿ" ಎಂದು ಕೆಲಸಗಾರರೇ ನನ್ನನ್ನು ಕೇಳುತ್ತಾರೆ. ಬಾಡಿಗೆ, ಮಕ್ಕಳ ಫೀಸು, ಊರಿಗೆ ಕಳಿಸುವ ಹಣ. 15,000ದಲ್ಲಿ 1,800 ಹೋದರೆ ಕಷ್ಟ ಅಲ್ವಾ? ಅವರು ಬಿಟ್ಟುಕೊಡುತ್ತಿರುವುದು ಏನು ಎಂದು ಯಾರೂ ಕೂರಿಸಿಕೊಂಡು ಹೇಳಿಲ್ಲ. ಪಿಎಫ್ ಇರುವಾಗ ಕೆಲಸಗಾರ ತೀರಿಕೊಂಡರೆ ಮನೆಯವರಿಗೆ 7 ಲಕ್ಷದವರೆಗೆ ವಿಮೆ ಇದೆ. ಅದಕ್ಕೆ ಅವರ ಸಂಬಳದಿಂದ ಒಂದು ಪೈಸೆಯೂ ಕಡಿತ ಇಲ್ಲ. ಕೆಲಸದಲ್ಲಿ ಗಾಯವಾದರೆ ವಾಸಿಯಾಗುವವರೆಗೆ ಇಎಸ್‌ಐ ಸುಮಾರು ಶೇ 90ರಷ್ಟು ಕೂಲಿ ಕೊಡುತ್ತದೆ. ಪ್ರೆಸ್ ಮೆಷಿನ್‌ಗೆ ಎರಡು ಬೆರಳು ಕೊಟ್ಟ ಹುಡುಗನೊಬ್ಬನನ್ನು ನಾನು ನೋಡಿದ್ದೇನೆ. ಅವನ ಹೆಸರು ಯಾವ ಪುಸ್ತಕದಲ್ಲೂ ಇರಲಿಲ್ಲ. ಮಾಲೀಕರು ಎರಡು ತಿಂಗಳು ದುಡ್ಡು ಕೊಟ್ಟರು, ಆಮೇಲೆ ಅವನು ಊರಿಗೆ ಹೋದ. ಇವತ್ತಿಗೂ ಆ ಹುಡುಗ ನೆನಪಾಗುತ್ತಾನೆ.

ಹೆದರಿಸಿದರೆ ಜನ ಇನ್ನೂ ಕತ್ತಲಿಗೆ ಸರಿಯುತ್ತಾರೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಹೋಯಿತು. ಕೆಲವೇ ದಿನಗಳಲ್ಲಿ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಮಾಯವಾಗಿ ಕ್ಯಾಶ್ ಮಾತ್ರ ಎಂಬ ಬೋರ್ಡು ಬಂತು. ಹಳೇ ಬಾಕಿಯ ಭಯ ಇರುವವರೆಗೆ ಯಾರೂ ತಾವಾಗಿ ಮುಂದೆ ಬರುವುದಿಲ್ಲ. 2019ರಲ್ಲಿ ಇಎಸ್‌ಐ ದರವನ್ನು ಶೇ 6.5ರಿಂದ 4ಕ್ಕೆ ಇಳಿಸಿದ್ದು ಸರಿಯಾದ ದಾರಿ.

ತಪಾಸಣೆ ಬೇಡ ಅನ್ನುತ್ತಿಲ್ಲ. ಅದು ಸರ್ಕಾರದ ಗುತ್ತಿಗೆ ಕೆಲಸಗಳಿಂದಲೇ ಶುರುವಾಗಲಿ. ಬಿಲ್ ಪಾಸ್ ಮಾಡುವಾಗ ಪಿಎಫ್ ಚಲನ್ ನೋಡಿದರೆ ಸಾಲದು. ಚಲನ್‌ನಲ್ಲಿರುವ ಹೆಸರು, ಸೈಟ್‌ನಲ್ಲಿರುವ ಮುಖ ಎರಡನ್ನೂ ತಾಳೆ ನೋಡಬೇಕು.

2025ರ ನವೆಂಬರ್ 1ರಿಂದ ಕೇಂದ್ರ ಸರ್ಕಾರ ಬಿಟ್ಟುಹೋದವರನ್ನು ಸೇರಿಸಲು ಒಂದು ಅವಕಾಶ ಕೊಟ್ಟಿತು. ಕಡಿತ ಮಾಡದೇ ಇದ್ದ ಕೆಲಸಗಾರರ ಪಾಲು ಮನ್ನಾ, ದಂಡ ಬರೀ 100 ರೂಪಾಯಿ. ಮಾಲೀಕರು ತಮ್ಮ ಪಾಲು, ಅದರ ಬಡ್ಡಿ ಮತ್ತು ಆಡಳಿತ ಶುಲ್ಕ ಕಟ್ಟಿದರೆ ಸಾಕಿತ್ತು. ಆ 19ರ ವರ್ಕ್‌ಶಾಪ್‌ನವರು ಎರಡು ವಾರ ಯೋಚಿಸಿ ಉಳಿದ 7 ಹೆಸರನ್ನೂ ನನಗೆ ಕಳಿಸಿದರು. ಆರು ಜನರದ್ದು ಆಯಿತು. ಏಳನೆಯವರ ಆಧಾರ್‌ನಲ್ಲಿ ಹುಟ್ಟಿದ ವರ್ಷ ತಪ್ಪಿದೆ. ಅದನ್ನು ತಿದ್ದಿಸಲು ಅವರು ಒಂದು ದಿನದ ಕೂಲಿ ಬಿಟ್ಟು ಸೋಮವಾರ ಆಧಾರ್ ಕೇಂದ್ರಕ್ಕೆ ಹೋಗುತ್ತಿದ್ದಾರೆ.