ಬೋಟ್ ಶೋದ ಅಂಕಿಗಳು, ಅಳತೆಪಟ್ಟಿಗೆ ಸಿಗದ ಗಾತ್ರ

ಬೋಟ್ ಶೋ, ಅಂದರೆ ದೋಣಿಗಳ ಮಾರಾಟ ಪ್ರದರ್ಶನ, ಮುಗಿದ ವಾರ ಬರುವ ಸುದ್ದಿಗಳೆಲ್ಲ ಹೆಚ್ಚುಕಡಿಮೆ ಒಂದೇ ಧಾಟಿಯವು. ಇಷ್ಟು ದೋಣಿ ಮಾರಾಟವಾಯಿತು, ಹೋದ ವರ್ಷಕ್ಕಿಂತ ಇಷ್ಟು ಹೆಚ್ಚು. ಓದುವಾಗ ಮೊದಲು ಕೇಳಬೇಕಾದದ್ದು, ಇಲ್ಲಿ 'ಮಾರಾಟ' ಎಂದಿರುವುದು ಯಾವುದನ್ನು ಎಂದು. ಪ್ರದರ್ಶನದಲ್ಲಿ ಸಹಿ ಬೀಳುವ ಎಷ್ಟೋ ಒಪ್ಪಂದಗಳ ಮಾತುಕತೆ ತಿಂಗಳುಗಳ ಹಿಂದೆಯೇ ಶುರುವಾಗಿರುತ್ತದೆ. ಶೋ ರಿಯಾಯಿತಿ ಸಿಗಲಿ ಎಂದು ಸಹಿಯನ್ನು ಅಲ್ಲಿಯವರೆಗೆ ತಡೆದಿಟ್ಟಿರುತ್ತಾರೆ, ಅಷ್ಟೆ. ಇನ್ನು ಕೆಲವು ಮುಂಗಡ ಕೊಟ್ಟ ಬುಕಿಂಗ್‌ಗಳು, ನೀರಿನ ಮೇಲಿನ ಪರೀಕ್ಷೆ ಒಪ್ಪಿಗೆಯಾಗದಿದ್ದರೆ ರದ್ದಾಗುವಂಥವು. ತಯಾರಕರು ಹೇಳುವ ಸಂಖ್ಯೆಯಲ್ಲಿ ಡೀಲರುಗಳು ತಮ್ಮ ಅಂಗಳಕ್ಕೆ ತರಿಸಿಕೊಂಡ ದೋಣಿಗಳೂ ಸೇರಿರಬಹುದು. ಡೀಲರ್ ಕೊಂಡದ್ದು ಗ್ರಾಹಕ ಕೊಂಡಂತಲ್ಲ.

ಈ ವ್ಯತ್ಯಾಸ ಎಷ್ಟು ದೊಡ್ಡದು ಎನ್ನುವುದನ್ನು 2020ರ ನಂತರದ ವರ್ಷಗಳು ತೋರಿಸಿಕೊಟ್ಟವು. ಕೋವಿಡ್ ಕಾಲದಲ್ಲಿ ಜನ ಹೊರಾಂಗಣದ ಹವ್ಯಾಸಗಳತ್ತ ಮುಗಿಬಿದ್ದರು. ಬಡ್ಡಿ ಕಡಿಮೆಯಿತ್ತು, ಡೀಲರ್ ಅಂಗಳಗಳು ಖಾಲಿಯಾದವು, ತಿಂಗಳುಗಟ್ಟಲೆ ಕಾಯುವ ಪಟ್ಟಿ ಬೆಳೆಯಿತು. ಕಾರ್ಖಾನೆಗಳು ಉತ್ಪಾದನೆ ಏರಿಸಿ ಆ ದೋಣಿಗಳು ಅಂಗಳ ತಲುಪುವ ಹೊತ್ತಿಗೆ 2022ರ ಬಡ್ಡಿ ಏರಿಕೆ ಶುರುವಾಗಿತ್ತು. ಡೀಲರುಗಳು ದಾಸ್ತಾನನ್ನು ಸಾಲದ ಮೇಲೆ ಇಟ್ಟುಕೊಳ್ಳುವುದರಿಂದ ಮಾರಾಟವಾಗದ ಪ್ರತಿ ತಿಂಗಳೂ ಅವರಿಗೆ ಬಡ್ಡಿಯ ಹೊರೆ. ಮೊದಲು ನೆಲಕಚ್ಚಿದ್ದು ಸಣ್ಣ, ಆರಂಭಿಕ ದರ್ಜೆಯ ದೋಣಿಗಳ ವ್ಯಾಪಾರ. ಅವನ್ನು ಕೊಳ್ಳುವವರು ಹೆಚ್ಚಾಗಿ ಮಾಸಿಕ ಕಂತು ನೋಡಿ ನಿರ್ಧರಿಸುವವರು. ದೊಡ್ಡ ದೋಣಿ ಕೊಳ್ಳುವವರಿಗೆ ಬಡ್ಡಿಯ ಬಿಸಿ ತಡವಾಗಿ, ಕಡಿಮೆಯಾಗಿ ತಟ್ಟುತ್ತದೆ.

ಇದರ ನೆರಳು ಪ್ರದರ್ಶನದ ನೆಲದ ಮೇಲೂ ಬಿದ್ದಿದೆ. ಪ್ರತಿ ದೋಣಿಯ ಮೇಲೂ ಬೀಳುವ ವಿನ್ಯಾಸ, ಅಚ್ಚು, ಪ್ರಮಾಣೀಕರಣದ ಖರ್ಚು ಗಾತ್ರ ಇಳಿದಷ್ಟು ಇಳಿಯುವುದಿಲ್ಲ. ಲಾಭ ಮಾತ್ರ ಗಾತ್ರದ ಜೊತೆ ಏರುತ್ತದೆ. ಹಾಗಾಗಿ ಹಾಯಿದೋಣಿ ತಯಾರಕರ ಪಟ್ಟಿಯಲ್ಲಿ 30 ಅಡಿಗಿಂತ ಚಿಕ್ಕ ಮಾದರಿಗಳು ವಿರಳವಾಗುತ್ತ ಬಂದಿವೆ. ಮೋಟಾರು ದೋಣಿಗಳಲ್ಲಿ ಒಳಗಿನ ಎಂಜಿನ್ ತೆಗೆದು ಹಿಂಬದಿಯಲ್ಲಿ ಎರಡು ಮೂರು ಔಟ್‌ಬೋರ್ಡ್ (ಹೊರಗೆ ಕಟ್ಟುವ ಎಂಜಿನ್) ತೂಗುಹಾಕುವುದು, ಪಕ್ಕದ ಗೋಡೆ ಹೊರಕ್ಕೆ ಮಡಚಿಕೊಂಡು ದೋಣಿಯ ಡೆಕ್ ಅಗಲವಾಗುವುದು ಈಗಿನ ರೂಢಿ. ಹಾಯಿದೋಣಿಗಳಲ್ಲಿ ಕಟಮರಾನ್‌ಗಳ (ಎರಡು ಒಡಲು ಜೋಡಿಸಿದ ದೋಣಿಗಳ) ಪಾಲು ಹೆಚ್ಚಿದೆ. ಪ್ರದರ್ಶನಕ್ಕೆ ಹೋದವರ ಕಣ್ಣು ಅಲ್ಲಿ ಇಟ್ಟದ್ದಕ್ಕೆ ಒಗ್ಗಿಕೊಳ್ಳುತ್ತದೆ. 14 ಮೀಟರಿನ ದೋಣಿಯಿಂದ ಇಳಿದು 9 ಮೀಟರಿನದಕ್ಕೆ ಹತ್ತಿದರೆ ಅದು ಗೂಡಿನಂತೆ ಕಾಣುತ್ತದೆ. ನೋಡುವುದನ್ನು ಚಿಕ್ಕದರಿಂದಲೇ ಶುರುಮಾಡಿ.

'ಉದ್ದ' ಎಂದು ಪ್ರಚಾರಪತ್ರದಲ್ಲಿ ಬರೆದ ಅಂಕಿಯನ್ನು ಬಿಡಿಸಿ ನೋಡಬೇಕು. ಹಲ್‌ನ (ದೋಣಿಯ ಒಡಲಿನ) ಉದ್ದ ಒಂದು, ಮೂತಿಯ ಚಾಚು, ಲಂಗರಿನ ಹಿಡಿಕೆ, ಹಿಂದಿನ ಸ್ನಾನದ ಹಲಗೆ ಸೇರಿದ ಒಟ್ಟು ಉದ್ದ ಇನ್ನೊಂದು, ನೀರಿಗೆ ತಾಗುವ ರೇಖೆಯ ಉದ್ದ ಮೂರನೆಯದು. ಮಾದರಿಯ ಹೆಸರಿನಲ್ಲಿರುವ ಸಂಖ್ಯೆ ಇವು ಮೂರಕ್ಕೂ ಹೊಂದದೆ ಇರುವುದುಂಟು. ಮರೀನಾ (ದೋಣಿ ನಿಲ್ದಾಣ) ಬಾಡಿಗೆ ಸಾಮಾನ್ಯವಾಗಿ ಒಟ್ಟು ಉದ್ದದ ಮೇಲೆ. ಹಿಂದೆ ತೂಗುಹಾಕಿದ ಸಣ್ಣ ದೋಣಿಯನ್ನೂ ಅಳೆಯುವವರಿದ್ದಾರೆ. ಕಟಮರಾನ್ ಆದರೆ ಅದೇ ಉದ್ದಕ್ಕೆ ಒಂದೂವರೆ ಪಟ್ಟು ಅಥವಾ ಇನ್ನೂ ಹೆಚ್ಚು ಕೇಳುವುದು ಮಾಮೂಲು: 12 ಮೀಟರಿನ ಒಂಟಿ ಹಲ್‌ನ ದೋಣಿ ಸುಮಾರು 4 ಮೀಟರ್ ಅಗಲ, ಕಟಮರಾನ್ 6.5ರಿಂದ 7 ಮೀಟರ್. ಬರ್ತ್ (ದೋಣಿ ಕಟ್ಟುವ ಜಾಗ) ಸಿಗುತ್ತದೆಯೇ ಎಂದು ವಿಚಾರಿಸುವುದು ದೋಣಿ ಆಯ್ಕೆಗಿಂತ ಮೊದಲಿನ ಕೆಲಸ.

ನಿಜವಾದ ಗಾತ್ರ ಇರುವುದು ತೂಕದಲ್ಲಿ. ಉದ್ದ, ಅಗಲ, ಆಳ ಮೂರೂ ಒಟ್ಟಿಗೆ ಬೆಳೆದರೆ ಗಾತ್ರ ಘನದ ಲೆಕ್ಕದಲ್ಲಿ ಏರುತ್ತದೆ. 8 ಮೀಟರಿನಿಂದ 10 ಮೀಟರಿಗೆ ಹೋದಾಗ ಉದ್ದ ಹೆಚ್ಚಿದ್ದು ಕಾಲು ಪಾಲು, ಆದರೆ 1.25ರ ಘನ 1.95. ತೂಕ ಸುಮಾರು ಇಮ್ಮಡಿ ಎಂದಾಯಿತು. 30 ಅಡಿಯ ಪ್ರವಾಸಿ ಹಾಯಿದೋಣಿ 4ರಿಂದ 5 ಟನ್ ಇದ್ದರೆ 40 ಅಡಿಯದು 8ರಿಂದ 10 ಟನ್. ಲಂಗರು, ಸರಪಳಿ, ಹಗ್ಗ, ವಿಂಚ್, ಹಾಯಿ, ಕ್ರೇನ್ ಬಾಡಿಗೆ ಎಲ್ಲವೂ ಹೆಚ್ಚಾಗಿ ಅಡಿ ಲೆಕ್ಕವನ್ನು ಬಿಟ್ಟು ಈ ತೂಕದ ಹಿಂದೆ ಹೋಗುತ್ತವೆ. ವಾರ್ಷಿಕ ಖರ್ಚಿಗೆ ದೋಣಿಯ ಬೆಲೆಯ ಹತ್ತನೇ ಒಂದು ಪಾಲು ತೆಗೆದಿಡಿ ಎನ್ನುವ ಹಳೆಯ ಲೆಕ್ಕ ಅಂದಾಜಿನದು. ಹಳೆಯ ದೊಡ್ಡ ದೋಣಿಗೆ ಅದನ್ನು ಕೊಂಡ ಬೆಲೆಗೆ ಹಚ್ಚಿದರೆ ಮೋಸ ಹೋಗುತ್ತೀರಿ. ಬೆಲೆ ಅರ್ಧಕ್ಕಿಳಿದ ದೋಣಿಯ ಹಾಯಿಯ ಬೆಲೆ ಅರ್ಧಕ್ಕಿಳಿದಿರುವುದಿಲ್ಲ.

ಉದ್ದದಿಂದ ಸಿಗುವ ಲಾಭವೂ ಇದೆ. ನೀರನ್ನು ಸೀಳಿಕೊಂಡು ಹೋಗುವ ಹಲ್‌ನ ವೇಗದ ಮಿತಿಯನ್ನು ಜಲರೇಖೆಯ ಉದ್ದವೇ ನಿರ್ಧರಿಸುತ್ತದೆ: ಮೀಟರಿನಲ್ಲಿ ಆ ಉದ್ದದ ವರ್ಗಮೂಲವನ್ನು 2.43ರಿಂದ ಗುಣಿಸಿದರೆ ನಾಟ್‌ಗಳಲ್ಲಿ (ಗಂಟೆಗೆ ಇಷ್ಟು ನಾಟಿಕಲ್ ಮೈಲಿ ಎಂಬ ಲೆಕ್ಕದಲ್ಲಿ) ವೇಗ. ಜಲರೇಖೆ 7.5 ಮೀಟರ್ ಇದ್ದರೆ 6.7 ನಾಟ್, 10.5 ಮೀಟರ್ ಇದ್ದರೆ 7.9. ಅಂದರೆ 50 ನಾಟಿಕಲ್ ಮೈಲಿಯ ಹಾದಿಯಲ್ಲಿ ಉಳಿಯುವುದು ಒಂದು ಗಂಟೆ ಚಿಲ್ಲರೆ. ಆ ಒಂದು ಗಂಟೆಗಾಗಿ ಎರಡು ಪಟ್ಟು ತೂಕವನ್ನು ಹೊರಬೇಕೇ ಎನ್ನುವುದು ಅವರವರ ಯಾನಕ್ಕೆ ಬಿಟ್ಟದ್ದು. ದಿನದಿನ ದೂರ ಕ್ರಮಿಸುವವರಿಗೆ ಬೇಕು. ವಾರಾಂತ್ಯಕ್ಕೆ ಹತ್ತಿರದ ಕೊಲ್ಲಿಗೆ ಹೋಗಿ ಬರುವವರಿಗೆ ಬೇಡ.

ವೇಗದ ಮೋಟಾರು ದೋಣಿಯಲ್ಲಿ ಲೆಕ್ಕವೇ ಬೇರೆ. ಪೆಟ್ರೋಲ್ ಔಟ್‌ಬೋರ್ಡ್ ಪೂರ್ಣ ವೇಗದಲ್ಲಿ ಪ್ರತಿ 100 ಅಶ್ವಶಕ್ತಿಗೆ ಗಂಟೆಗೆ ಸುಮಾರು 38 ಲೀಟರ್ ಕುಡಿಯುತ್ತದೆ. 300 ಅಶ್ವಶಕ್ತಿಯ ಎರಡು ಎಂಜಿನ್ ಇದ್ದರೆ ಗಂಟೆಗೆ ಸುಮಾರು 225 ಲೀಟರ್. ಸಾಮಾನ್ಯ ಓಟದಲ್ಲಿ ಅದರ ಅರ್ಧದ ಆಸುಪಾಸು. ಟ್ಯಾಂಕಿನ ಮೂರನೇ ಒಂದು ಪಾಲು ಹೋಗಲು, ಒಂದು ಪಾಲು ಮರಳಲು, ಒಂದು ಪಾಲು ಆಪತ್ತಿಗೆ ಎಂದು ಹಂಚಿ, ಆಮೇಲೆ ನಕ್ಷೆಯ ಮೇಲೆ ವೃತ್ತ ಎಳೆಯಿರಿ. ಆ ವೃತ್ತದೊಳಗೆ ನೀವು ಹೋಗಬೇಕೆಂದಿರುವ ಜಾಗ ಬೀಳದಿದ್ದರೆ ಉದ್ದ ಹೆಚ್ಚಿಸಿ ಪ್ರಯೋಜನವಿಲ್ಲ, ಹಲ್ ಅಥವಾ ಎಂಜಿನ್ ಬದಲಿಸಬೇಕು.

ಟ್ರೇಲರಿನಲ್ಲಿ ಎಳೆದೊಯ್ಯುವ ಯೋಚನೆಯಿದ್ದರೆ ಅಗಲವೇ ಮೊದಲ ಗಡಿ: ಯುರೋಪಿನಲ್ಲಿ 2.55 ಮೀಟರ್, ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ 8.5 ಅಡಿ. ಅದಕ್ಕಿಂತ ಅಗಲವಾದರೆ ವಿಶೇಷ ಅನುಮತಿ ಬೇಕು. ಎರಡನೆಯ ಗಡಿ ವಾಹನದ ಎಳೆಯುವ ಸಾಮರ್ಥ್ಯ. ಪ್ರಚಾರಪತ್ರದ ತೂಕ ಹೆಚ್ಚಾಗಿ ಎಂಜಿನ್, ಇಂಧನ, ನೀರು ಬಿಟ್ಟ ಒಣ ತೂಕ. ಅದಕ್ಕೆ ಇವೆಲ್ಲವನ್ನೂ, ಟ್ರೇಲರಿನ ತೂಕವನ್ನೂ ಕೂಡಿಸಿದ ಮೇಲೆ ಬರುವ ಅಂಕಿಯನ್ನು ವಾಹನದ ದಾಖಲೆಯ ಜೊತೆ ಹೋಲಿಸಿ.

ಇನ್ನು ಎಷ್ಟು ಜನ ಎಂಬ ಮಾತು. 'ಎಂಟು ಮಂದಿಗೆ ಮಲಗುವ ಜಾಗ' ಎಂದಿದ್ದರೆ ಊಟದ ಮೇಜನ್ನೂ ಹಾಸಿಗೆ ಮಾಡಿ ಎಣಿಸಿದ್ದಾರೆ ಎಂದು ತಿಳಿಯಿರಿ. ನೋಡಬೇಕಾದದ್ದು ತಯಾರಕರ ಫಲಕ. ಯುರೋಪಿನ ನಿಯಮ 2.5ರಿಂದ 24 ಮೀಟರ್ ಹಲ್ ಉದ್ದದ ದೋಣಿಗಳನ್ನು ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗ ಮಾಡಿದೆ. ಸಿ ವರ್ಗಕ್ಕೆ ಗಾಳಿ ಬ್ಯೂಫೋರ್ಟ್ (ಗಾಳಿಯ ಬಲದ ಮಾಪಕ) 6, ಅಲೆಯ ಗಣನೀಯ ಎತ್ತರ (ದೊಡ್ಡ ಮೂರನೇ ಒಂದು ಪಾಲು ಅಲೆಗಳ ಸರಾಸರಿ) 2 ಮೀಟರ್‌ವರೆಗೆ, ಬಿ ವರ್ಗಕ್ಕೆ ಬ್ಯೂಫೋರ್ಟ್ 8 ಮತ್ತು 4 ಮೀಟರ್‌ವರೆಗೆ, ಎ ಅದರಾಚೆ. ಡಿ ಎಂದರೆ ಒಳನಾಡಿನ ಶಾಂತ ನೀರು. ಒಂದೇ ದೋಣಿಗೆ ಬಿ ವರ್ಗದಲ್ಲಿ 6 ಜನ, ಸಿ ವರ್ಗದಲ್ಲಿ 8 ಜನ ಎಂದು ಬರೆದಿರುವುದುಂಟು. ಸೀಟುಗಳನ್ನು ಎಣಿಸಿ ಮೋಸಹೋಗುವವರು ಈ ಸಾಲನ್ನು ಓದಿರುವುದಿಲ್ಲ.

ಹಡಗುಕಟ್ಟೆಗೆ ತಂದು ಕಟ್ಟುವವರು ಎಷ್ಟು ಮಂದಿ ಎನ್ನುವುದು ಇನ್ನೂ ಮುಖ್ಯ. ಇಬ್ಬರೇ ಇದ್ದರೆ, 10–11 ಮೀಟರಿನವರೆಗೆ ಗಾಳಿ ಜೋರಿಲ್ಲದಾಗ ಹಗ್ಗ ಹಿಡಿದು ದೋಣಿಯನ್ನು ಎಳೆದು ನಿಲ್ಲಿಸಬಹುದು. ಅದಕ್ಕಿಂತ ದೊಡ್ಡದರಲ್ಲಿ ಮೂತಿಯ ಥ್ರಸ್ಟರ್ (ಮೂತಿಯನ್ನು ಪಕ್ಕಕ್ಕೆ ತಳ್ಳುವ ಮೋಟಾರು), ವಿದ್ಯುತ್ ಲಂಗರು ವಿಂಚ್ ಇಲ್ಲದೆ ಕಷ್ಟ, ಅವು ಕೆಟ್ಟ ದಿನ ಏನು ಮಾಡುತ್ತೀರಿ ಎಂದೂ ಯೋಚಿಸಿರಬೇಕು. ಲಂಗರು ಹಾಕುವುದನ್ನೇ ನೋಡಿ: 5 ಮೀಟರ್ ನೀರು, ಮೂತಿಯ ಎತ್ತರ 1 ಮೀಟರ್, ಒಟ್ಟು 6. ಸರಪಳಿಯಾದರೆ ಅದರ ಐದು ಪಟ್ಟು, 30 ಮೀಟರ್ ಬಿಡಬೇಕು. ಹಗ್ಗವಾದರೆ ಏಳು ಪಟ್ಟು, 42. ಅಷ್ಟನ್ನೂ ಕೈಯಲ್ಲೇ ಎತ್ತಬಲ್ಲಿರಾದರೆ ಆ ದೋಣಿ ನಿಮ್ಮ ಅಳತೆಯೊಳಗಿದೆ.

ಪ್ರದರ್ಶನವನ್ನು ಎಲ್ಲಿ ನೋಡುತ್ತೀರಿ ಎನ್ನುವುದರ ಮೇಲೆ ಏನು ನೋಡಬೇಕು ಎನ್ನುವುದು ನಿಂತಿದೆ. ಜನವರಿಯ ಡ್ಯೂಸೆಲ್ಡಾರ್ಫ್‌ನಂಥ ಸಭಾಂಗಣದ ಪ್ರದರ್ಶನದಲ್ಲಿ ದೋಣಿ ಸ್ಟ್ಯಾಂಡಿನ ಮೇಲಿರುತ್ತದೆ. ಕೀಲ್ (ತಳದ ಭಾರದ ರೆಕ್ಕೆ) ಹಲ್‌ಗೆ ಸೇರುವ ಜಾಗ, ಚುಕ್ಕಾಣಿಯ ಬೇರಿಂಗ್, ಪ್ರೊಪೆಲರ್ ನೋಡಲು ಅದೇ ಸರಿಯಾದ ಅವಕಾಶ. ಸೆಪ್ಟೆಂಬರಿನ ಕಾನ್, ಅಕ್ಟೋಬರ್ ಹೊತ್ತಿನ ಫೋರ್ಟ್ ಲಾಡರ್‌ಡೇಲ್‌ನಲ್ಲಿ ದೋಣಿ ನೀರಿನಲ್ಲಿರುತ್ತದೆ: ಅಂಚಿನಲ್ಲಿ ಇಬ್ಬರು ನಿಂತರೆ ಎಷ್ಟು ವಾಲುತ್ತದೆ ನೋಡಿ. ಎರಡೂ ಕಡೆ ಹಾಸಿಗೆಯಲ್ಲಿ ಮಲಗಿ ನೋಡಿ, ಶೂ ಬಿಚ್ಚಿ ನಿಂತಾಗಲೂ ತಲೆ ಚಾವಣಿಗೆ ತಾಗುತ್ತದೆಯೇ ಗಮನಿಸಿ. ಎಂಜಿನ್ ಮುಚ್ಚಳ ತೆಗೆಸಿ. ಎಂಜಿನ್ ತಂಪಾಗಿಸುವ ನೀರಿನ ಪಂಪಿನ ಇಂಪೆಲರ್ (ಒಳಚಕ್ರ), ಇಂಧನ ಫಿಲ್ಟರ್, ಹಲ್ ತೂತುಗಳ ವಾಲ್ವ್ ಇವಕ್ಕೆ ಕೈ ಎಟುಕದ ದೋಣಿಯಲ್ಲಿ ಆ ಕೆಲಸ ಮುಂದೂಡುತ್ತಲೇ ಹೋಗುತ್ತದೆ, ಕೊನೆಗೆ ಎಂಜಿನ್ ಅತಿಯಾಗಿ ಬಿಸಿಯಾಗುತ್ತದೆ.

ಪರೀಕ್ಷಾ ಓಟಕ್ಕೆ ಒಯ್ಯುವ ದೋಣಿಯಲ್ಲಿ ಸಾಮಾನ್ಯವಾಗಿ ಇಬ್ಬರು ಜನ, ಕಾಲು ಟ್ಯಾಂಕ್ ಇಂಧನ. ನಿಮ್ಮ ಬಳಕೆಯಲ್ಲಿ 400 ಲೀಟರ್ ಪೆಟ್ರೋಲ್ ಎಂದರೆ ಸುಮಾರು 300 ಕಿಲೊ, 100 ಲೀಟರ್ ನೀರು, ಆರು ಜನ 450 ಕಿಲೊ. ಅಷ್ಟು ಹೊರೆಯಲ್ಲಿ ಎಂಜಿನ್ ತಯಾರಕರು ಹೇಳಿದ ಪೂರ್ಣ ವೇಗದ ಆರ್‌ಪಿಎಂ ಮುಟ್ಟಬೇಕು. 5,000–6,000 ಎಂದಿದ್ದು 4,600ರಲ್ಲೇ ನಿಂತರೆ ಪ್ರೊಪೆಲರ್‌ನ ಪಿಚ್ (ಒಂದು ಸುತ್ತಿಗೆ ಮುಂದೆ ಸಾಗುವ ಲೆಕ್ಕದ ದೂರ) ಹೆಚ್ಚಾಗಿದೆ, ಇಲ್ಲವೇ ಆ ಗಾತ್ರಕ್ಕೆ ಎಂಜಿನ್ ಸಾಲದು. ಮೊದಲನೆಯದು ಅಗ್ಗದ ರಿಪೇರಿ, ಎರಡನೆಯದಕ್ಕೆ ಮದ್ದಿಲ್ಲ.

ರಿಯಾಯಿತಿಯ ಚೀಟಿ ನೋಡಿ ಸಹಿ ಹಾಕುವ ಮೊದಲು ಒಪ್ಪಂದದಲ್ಲಿ ನಾಲ್ಕು ಸಾಲು ಬರೆಸಿ: ತೃಪ್ತಿಕರ ಸಮುದ್ರ ಪರೀಕ್ಷೆಯ ಷರತ್ತು, ಅದು ವಿಫಲವಾದರೆ ಮುಂಗಡ ಪೂರ್ತಿ ವಾಪಸು, ಹಲ್ ಸಂಖ್ಯೆಯಲ್ಲಿ (ದೋಣಿಯ ಗುರುತಿನ ಸಂಖ್ಯೆಯಲ್ಲಿ) ಇರುವ ಮಾದರಿ ವರ್ಷ, ಮತ್ತು ಬೆಲೆಯಲ್ಲಿ ಸೇರಿರುವ ಸಲಕರಣೆಗಳ ಪಟ್ಟಿ. ಪ್ರದರ್ಶನದ ದೋಣಿಗೆ ಸಕಲ ಅಲಂಕಾರವೂ ಇರುತ್ತದೆ. ಆರಂಭಿಕ ಬೆಲೆಯಲ್ಲಿ ಲಂಗರು, ಫೆಂಡರ್ (ಕಟ್ಟೆಗೆ ಉಜ್ಜದಂತೆ ತೂಗುವ ದಿಂಬು), ನ್ಯಾವಿಗೇಶನ್ ಪರದೆ, ತಳದ ಬಣ್ಣ ಸೇರಿರದೆ ಇರಬಹುದು.

ಡೀಲರ್ ಅಂಗಳದಲ್ಲಿ ಹಿಂದಿನ ವರ್ಷದ ಮಾದರಿ ಉಳಿದಿದ್ದರೆ ಚೌಕಾಸಿಗೆ ಅದೇ ಒಳ್ಳೆಯ ಜಾಗ. ಆದರೆ ಎಂಜಿನ್ ವಾರಂಟಿ ಯಾವ ದಿನದಿಂದ ಶುರುವಾಗಿದೆ, ಬ್ಯಾಟರಿ ಎಷ್ಟು ಕಾಲ ಚಾರ್ಜ್ ಇಲ್ಲದೆ ಬಿದ್ದಿತ್ತು ಎಂದು ಬರಹದಲ್ಲಿ ಪಡೆಯಿರಿ. ಮತ್ತು ಆ ದೋಣಿ ಉಳಿದದ್ದು ಬಡ್ಡಿಯ ಕಾರಣಕ್ಕೋ, ಆ ಉದ್ದಕ್ಕೆ ಯಾರೂ ಬರ್ತ್ ಸಿಗದೆ ಹಿಂದೆ ಸರಿದ ಕಾರಣಕ್ಕೋ ಎಂದು ನೇರವಾಗಿ ಕೇಳಿ.