ಕಾಲೇಜಲ್ಲಿ ಪಾಯಿಂಟ್ ಸುರಿಮಳೆ, ಡ್ರಾಫ್ಟಲ್ಲಿ ಹತ್ತನೇ ನಂಬರ್. ಯಾಕೆ ಹಿಂಗೆ?

ಪ್ರಶ್ನೆ: ಅಮೆರಿಕದ ಕಾಲೇಜ್ ಬಾಸ್ಕೆಟ್‌ಬಾಲಲ್ಲಿ ಎಲ್ಲರಿಗಿಂತ ಜಾಸ್ತಿ ಪಾಯಿಂಟ್ ಹೊಡೆದೋನನ್ನೇ ಎನ್‌ಬಿಎ (ಅಲ್ಲಿನ ದೊಡ್ಡ ವೃತ್ತಿಪರ ಲೀಗ್) ಟೀಮ್‌ಗಳು ಡ್ರಾಫ್ಟಲ್ಲಿ, ಅಂದ್ರೆ ಹೊಸ ಆಟಗಾರರನ್ನ ಸರದಿ ಪ್ರಕಾರ ಆರಿಸೋವಾಗ, ಮೊದ್ಲು ಎತ್ಕೋಬೇಕು ತಾನೆ?

ಉತ್ತರ: ಎಲ್ಲರಿಗೂ ಹಂಗೇ ಅನ್ಸುತ್ತೆ, ನಂಗೂ ಅನ್ಸಿತ್ತು. 2011ರ ಕಥೆ ಕೇಳಿ. ಬ್ರಿಗಮ್ ಯಂಗ್ ಯೂನಿವರ್ಸಿಟಿಯ ಜಿಮ್ಮರ್ ಫ್ರೆಡೆಟ್ ಆ ಸೀಸನ್ನಲ್ಲಿ ಮ್ಯಾಚಿಗೆ ಸರಾಸರಿ 28.9 ಪಾಯಿಂಟ್, ದೇಶಕ್ಕೇ ಟಾಪ್. ಜನವರಿಯಲ್ಲಿ ಸ್ಯಾನ್ ಡಿಯೇಗೊ ಸ್ಟೇಟ್ ಯೂನಿವರ್ಸಿಟಿ ಮೇಲೆ ಒಬ್ನೇ 43 ಹೊಡೆದ. ಆವತ್ತು ಎದುರು ಟೀಮಲ್ಲಿದ್ದ ಒಬ್ಬ ಹುಡುಗನ ಸರಾಸರಿ ಬರೀ 15 ಚಿಲ್ಲರೆ, ಮಾತೂ ಕಮ್ಮಿ, ಹೆಸರು ಕವಾಯ್ ಲೆನರ್ಡ್. ಡ್ರಾಫ್ಟಲ್ಲಿ ಫ್ರೆಡೆಟ್ 10ನೇಯವನು, ಲೆನರ್ಡ್ 15. ಆಮೇಲೆ ಲೆನರ್ಡ್ 2014ರಲ್ಲೂ 2019ರಲ್ಲೂ ಫೈನಲ್ಸ್ ಎಂವಿಪಿ (ಎನ್‌ಬಿಎ ಫೈನಲ್‌ನ ಅತ್ಯುತ್ತಮ ಆಟಗಾರ) ಆದ, ಫ್ರೆಡೆಟ್ ಒಂದೊಂದೇ ಟೀಮ್ ಬದಲಾಯಿಸ್ತಾ ಕೊನೆಗೆ ಚೀನಾದ ಶಾಂಘಾಯಲ್ಲಿ ಸ್ಟಾರ್ ಆದ. ಅಂದ್ರೆ ಫ್ರೆಡೆಟ್‌ಗೆ 10ನೇ ನಂಬರ್ ಸಿಕ್ಕಿದ್ದೇ ಜಾಸ್ತಿ ಆಗಿತ್ತು!

ಫ್ರೆಡೆಟ್‌ಗೆ ಶಾಟ್ ಬರ್ತಿರ್ಲಿಲ್ಲ ಅಂತ ಅಲ್ಲ, ಶಾಟ್ ಅದ್ಭುತ. ಆದ್ರೆ ಕಾಲೇಜಲ್ಲಿ ಅವನೇ ಊರಿಗೊಬ್ಬಳೇ ಪದ್ಮಾವತಿ, ಬಾಲ್ ಯಾವಾಗ್ಲೂ ಅವನ ಕೈಯಲ್ಲೇ, ಡಿಫೆನ್ಸಲ್ಲಿ ಸ್ವಲ್ಪ ಸುಸ್ತಾದ್ರೂ ಯಾರೂ ಕೇಳ್ತಿರ್ಲಿಲ್ಲ. ಎನ್‌ಬಿಎಗೆ ಹೋದ್ಮೇಲೆ ಬಾಲ್ ಬೇರೆಯೋರ ಕೈಗೆ ಹೋಗುತ್ತೆ, ಎದುರಿಗಿರೋ ಗಾರ್ಡ್ (ಬಾಲ್ ನಡೆಸೋ ಆಟಗಾರ) ಇವನಿಗಿಂತ ಫಾಸ್ಟ್, ಆಗ ಇವನ ಹತ್ರ ಇನ್ನೇನಿದೆ? ಸ್ಕೌಟ್ (ಟೀಮ್‌ಗೆ ಆಟಗಾರರನ್ನ ಹುಡುಕೋನು) ಕೇಳ್ಕೋಬೇಕಾದ ಪ್ರಶ್ನೆ ಅದೇ, ಬಾಲ್ ಕಿತ್ಕೊಂಡ್ರೆ ಉಳಿಯೋದೇನು ಅಂತ.

ಲೆನರ್ಡ್ ಹತ್ರ ಬೇಕಾದಷ್ಟು ಉಳೀತಿತ್ತು. ಎತ್ತರ 6 ಅಡಿ 7 ಇಂಚು, ತೋಳು ಚಾಚಿದ್ರೆ 7 ಅಡಿ 3 ಇಂಚು, ಅಂಗೈ ಅಂತೂ ಮೊರದಗಲ, ಮ್ಯಾಚಿಗೆ 10 ರಿಬೌಂಡ್ (ಮಿಸ್ಸಾದ ಶಾಟಿನ ಬಾಲ್ ಹಿಡಿಯೋದು). ಇವ್ಯಾವಕ್ಕೂ ಯಾರೂ ಅವನಿಗೆ ಬಾಲ್ ಪಾಸ್ ಮಾಡ್ಬೇಕಾಗಿಲ್ಲ. ವಯಸ್ಸೂ ನೋಡಿ, ಡ್ರಾಫ್ಟ್ ದಿನ ಅವನಿಗೆ 20 ತುಂಬೋಕೆ ಇನ್ನೂ ಕೆಲವು ದಿನ ಬಾಕಿ, ಫ್ರೆಡೆಟ್‌ಗೆ 22 ಆಗಿತ್ತು. ಮೂರು ಪಾಯಿಂಟ್ ಶಾಟ್ (ದೂರದ ಗೆರೆ ಆಚೆಯಿಂದ ಹೊಡೆಯೋದು) ಮಾತ್ರ ಕೆಟ್ಟದಾಗಿತ್ತು, 29%, ಅದೂ ಕಾಲೇಜಿನ ಹತ್ತಿರದ ಗೆರೆಯಿಂದ (ಆಗ 20 ಅಡಿ 9 ಇಂಚು, ಎನ್‌ಬಿಎಯಲ್ಲಿ 23 ಅಡಿ 9 ಇಂಚು). ಆದ್ರೆ ಫ್ರೀ ಥ್ರೋ (ಫೌಲ್ ಆದಾಗ ಸಿಗೋ ಶಾಟ್) 76% ಹತ್ರ ಇತ್ತು. ಯಾರೂ ಅಡ್ಡ ಬರದೇ ಇರೋ ಶಾಟ್ ಅದೊಂದೇ, ಅದಕ್ಕೇ ಕೈಯಲ್ಲಿ ಹದ ಇದೆಯಾ ಇಲ್ವಾ ಅನ್ನೋದು ಅಲ್ಲೇ ಗೊತ್ತಾಗೋದು. ಡ್ರಾಫ್ಟ್ ರಾತ್ರಿ ಅವನನ್ನ ಟ್ರೇಡ್‌ನಲ್ಲಿ (ಟೀಮ್‌ಗಳ ನಡುವಿನ ಅದಲುಬದಲಲ್ಲಿ) ತಗೊಂಡ ಸ್ಯಾನ್ ಆಂಟೋನಿಯೊ, ಶಾಟ್ ತಿದ್ದೋಕೆ ಅಂತಾನೇ ಕೋಚ್ ಇಟ್ಕೊಂಡಿದ್ದ ಟೀಮು.

ಹಂಗಂತ ಪಾಯಿಂಟ್ ಹೊಡೆಯೋರೆಲ್ಲ ಡಬ್ಬಾ ಅಂತ ತಿಳ್ಕೋಬೇಡಿ. ಮುಂದೆ ಎನ್‌ಬಿಎಯ ದೊಡ್ಡ ಸ್ಟಾರ್ ಆದ ಸ್ಟೆಫ್ ಕರಿ 2008-09ರಲ್ಲಿ ಡೇವಿಡ್‌ಸನ್ ಅನ್ನೋ ಪುಟ್ಟ ಕಾಲೇಜಲ್ಲಿ 28.6 ಸರಾಸರಿ, ಅವನೂ ದೇಶಕ್ಕೇ ಟಾಪ್. ಅವನ 40 ಪಾಯಿಂಟ್ ಮ್ಯಾಚ್‌ಗಳನ್ನ ಬಿಡಿ, ಆ ಸೀಸನ್ನಲ್ಲೇ ಸೊನ್ನೆ ಹೊಡೆದ ಮ್ಯಾಚ್ ಒಂದಿದೆ, ನಂಗೆ ಅದೇ ಇಷ್ಟ. ಲೊಯೋಲಾ ಮೇರಿಲ್ಯಾಂಡ್ ಕೋಚು ಇಡೀ ಮ್ಯಾಚ್ ಅವನಿಗೆ ಇಬ್ಬಿಬ್ಬರನ್ನ ಅಂಟಿಸಿಬಿಟ್ಟ. ಕರಿ ಸಿಟ್ಟಾಗ್ಲಿಲ್ಲ, ಜಿದ್ದಿಗೆ ಬಿದ್ದು ಶಾಟ್ ಎಸೀಲೂ ಇಲ್ಲ, ಸುಮ್ನೆ ಹೋಗಿ ಮೂಲೇಲಿ ನಿಂತ್ಕೊಂಡ, ಇಬ್ಬರೂ ಅಲ್ಲೇ ಅವನ ಪಕ್ಕ ನಿಂತ್ರು, ಈ ಕಡೆ ಅವನ ಟೀಮಿನ ನಾಲ್ಕು ಜನ ಮೂರು ಜನರ ಮೇಲೆ ಆರಾಮಾಗಿ ಆಡ್ಕೊಂಡ್ರು. ಸ್ಕೋರು 78-48. ಮುಂದಿನ ಜೂನ್‌ನಲ್ಲಿ ಡ್ರಾಫ್ಟಲ್ಲಿ ಮಿನೆಸೋಟಾ ಟೀಮು 5 ಮತ್ತು 6ನೇ ಸರದಿ ಎರಡರಲ್ಲೂ ಗಾರ್ಡ್‌ಗಳನ್ನೇ ತಗೊಳ್ತು, ಎರಡು ಸಲನೂ ಕರಿನ ಬಿಟ್ಟು.